ಜರ್ಮನ್ ಬಿಸ್ಕತ್ತಿನ ಅರ್ಜಿ

ಕಳೆದ ತಿಂಗಳು ನಮ್ಮ ತೋಟದ ರಬ್ಬರ್ ಹಾಲು ಹೆಪ್ಪುಗಟ್ಟದಿರಲೆಂದು ಡ್ರಮ್ಮಿಗೆ ಅಮೋನಿಯ ಸುರಿಯುತ್ತಿದ್ದಾಗ ಅದರ ಘಾಟು ನನ್ನ ಮೂಗಿಗೆ ಬಡಿಯಿತು. ವಾರಗಟ್ಟಲೆ ತೊಳೆಯದ ದನದ ಕೊಟ್ಟಿಗೆಯಂತಹ ವಾಸನೆ. ಅದರೊಂದಿಗೇ, ಹಲವು ವರ್ಷಗಳ ಹಿಂದೆ ಎದುರು ಮನೆಯಲ್ಲಿದ್ದ ನರ್ಸಮ್ಮನವರ ನೆನಪಾಯಿತು... ಮಹಿಳಾ ಸಂಘದ ನಡಾವಳಿ ಮತ್ತು ಪತ್ರಗಳನ್ನು ಹೊರತುಪಡಿಸಿ ಇದುವರೆಗೆ ಏನನ್ನೂ ಬರೆದವಳಲ್ಲದ ಕಾರಣ, ಈ ಲೇಖನದಲ್ಲಿ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ನರ್ಸಮ್ಮನವರು ಜರ್ಮನಿಯ ಆಸ್ಪತ್ರೆಯೊಂದರಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ನಿವೃತ್ತಿಯ ನಂತರ ಕುಂಬ್ಡಾಜೆಯ ನಮ್ಮ ಗುಡ್ಡದಲ್ಲಿ ಮನೆ ಕಟ್ಟಿಸಿದ್ದರು. ಊರಿನ ಹೆಂಗಸರೊಂದಿಗೆ ಬೆರೆಯಬೇಕೆಂಬ ಆಸೆ ಅವರಿಗಿತ್ತು. ನಾವು ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ನಮ್ಮ ಸಂಘ ತಿಂಡಿಯ ಸ್ಟಾಲ್ ಇಡುವುದೆಂದು ತಿಳಿದು, ತಾವು ಮಾಡುವ ಜರ್ಮನ್ ಮಸಾಲೆ ಬಿಸ್ಕತ್ತನ್ನೂ ಸೇರಿಸಿಕೊಳ್ಳುವಂತೆ ಕೋರಿ ಅರ್ಜಿ ಸಲ್ಲಿಸಿದರು. ಕಾರ್ಯದರ್ಶಿಯಾದ ನಾನು ಪರಿಶೀಲನೆಗಾಗಿ ಅವರ ಅಡುಗೆಮನೆಗೆ ಹೋದೆ.

ಜೇನು, ಶುಂಠಿ, ಲವಂಗ, ದಾಲ್ಚಿನ್ನಿ ಸೇರಿಸಿದ ಹಿಟ್ಟನ್ನು ಅವರು ಎರಡು ವಾರ ಭರಣಿಯಲ್ಲಿ ಇಟ್ಟಿದ್ದರಂತೆ. ಅದನ್ನು ಕೇಳಿಯೇ ನಾನು ಮುಖ ಸಿಂಡರಿಸಿದ್ದೆ. ಅವರು ಓವನ್ನಿನ ಬಾಗಿಲು ತೆರೆದರು. ಕಣ್ಣು ಉರಿಯಿತು.

"ಅಯ್ಯೋ, ಇದೆಂತ ನಾತ!" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ಹೆದರ್ಬೇಡಿ ಸೆಕ್ರೆಟರಿಯವರೇ, ಅದು ಈಗ ಹೋಗ್ತದೆ. ಟಿನ್ನಿಗೆ ಕಿತ್ತಳೆ ಸಿಪ್ಪೆ ಹಾಕಿ ಕೊಡ್ತೇನೆ. ಒಂದು ವಾರ ಬಿಟ್ಟು ತಿನ್ನಿ, ಮೆತ್ತಗಾಗ್ತದೆ" ಎಂದು ಅವರು ನಕ್ಕರು.

ನಾನು ಒಂದು ಗಳಿಗೆಯೂ ಕಾಯಲಿಲ್ಲ. ಮನೆಗೆ ಬಂದವಳೇ ಅವರು ಕೊಟ್ಟ ಟಿನ್ನನ್ನು ಗೊಬ್ಬರದ ಗುಂಡಿಗೆ ಸುರಿದು, ಕೈಗೆ ಎರಡೆರಡು ಸಲ ಸಾಬೂನು ಹಚ್ಚಿ ತೊಳೆದೆ. ಮರುದಿನದ ಸಭೆಯಲ್ಲಿ, ಹಿಟ್ಟು ಕೊಳೆತ ರಬ್ಬರ್ ಹಾಲಿನಂತೆ ನಾರುತ್ತಿತ್ತೆಂದು, ಕಂಡದ್ದಕ್ಕಿಂತ ಹೆಚ್ಚನ್ನೇ ವರದಿ ಮಾಡಿದೆ.

"ಎಂತ ಮಾರಾಯ್ತಿ, ನರ್ಸಮ್ಮ ರಬ್ಬರ್ ಹಾಲಲ್ಲಿ ಹಿಟ್ಟು ಕಲಸುದಾ?" ಎಂದು ಅಧ್ಯಕ್ಷೆ ಕೇಳಿದರು.

"ಒಳ್ಳೇದಾಯ್ತಲ್ಲ ಅಕ್ಕ, ತಿಂದ ಮಕ್ಕಳು ಬಿದ್ರೂ ಪುಟಿದು ಏಳ್ತಾವೆ!" ಎಂದರು ಇನ್ನೊಬ್ಬರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಜಿಯ ಮೇಲೆ "ಸ್ವಚ್ಛತೆಯ ಕಾರಣದಿಂದ ತಿರಸ್ಕರಿಸಲಾಗಿದೆ" ಎಂದು ಬರೆದು ಮೊಹರು ಒತ್ತಿದೆ. ಜೀವನವಿಡೀ ರೋಗಿಗಳ ಗಾಯ ತೊಳೆದ ಕೈಗಳ ಬಗ್ಗೆ ನಾನು ಬರೆದದ್ದು ಅದು.

ರಬ್ಬರ್ ಬಿಸ್ಕತ್ತಿನ ಮಾತು ಊರಿಡೀ ಹಬ್ಬಿತು. ನರ್ಸಮ್ಮನವರು ಗೇಟಿನ ಬಳಿ ನಿಂತು ಮಾತನಾಡಿಸುವುದನ್ನು ನಿಲ್ಲಿಸಿದರು. ಮರುವರ್ಷ ಮನೆ ಮಾರಿ ಮಂಗಳೂರಿನ ತಂಗಿಯ ಬಳಿಗೆ ಹೋದರು. ಅಲ್ಲಿಯೇ ತೀರಿಕೊಂಡರೆಂಬ ಸುದ್ದಿ ಬಹಳ ತಡವಾಗಿ ತಲುಪಿತು...

ಡ್ರಮ್ಮಿನ ಘಾಟು ಬಡಿದ ದಿನ ಹಳೆಯ ಕಡತ ತೆಗೆದು ಆ ಅರ್ಜಿಯನ್ನು ಹುಡುಕಿದೆ. ಅಂದು ನಾನು ಹಾಳೆ ತಿರುವಿ ನೋಡಿರಲಿಲ್ಲ. ಹಿಂಬದಿಯಲ್ಲಿ ಅವರು ಮಾಡುವ ಕ್ರಮವನ್ನು ಪೂರ್ತಿಯಾಗಿ ಬರೆದಿದ್ದರು. ನನ್ನ ಮೊಹರಿನ ಶಾಯಿ ಇಂಗಿದ್ದ ಕೊನೆಯ ಸಾಲುಗಳು ಹೀಗಿದ್ದವು: "ಉಬ್ಬಲು ಬೇಕರಿಯವರು ಬಳಸುವ ಅಮೋನಿಯ ಉಪ್ಪು ಒಂದು ಚಮಚ. ಬೇಯುವಾಗ ವಾಸನೆ ಬರುತ್ತದೆ, ಬೆಂದ ಮೇಲೆ ಉಳಿಯುವುದಿಲ್ಲ. ದಯವಿಟ್ಟು ಸದಸ್ಯೆಯರಿಗೆ ಮೊದಲೇ ತಿಳಿಸಬೇಕು."

ತಿಳಿಸಬೇಕಾದವಳು ನಾನೇ ಆಗಿದ್ದೆ.

ಅದರಲ್ಲಿದ್ದಂತೆಯೇ ಹಿಟ್ಟು ಕಲಸಿ, ಎರಡು ವಾರ ಇಟ್ಟು, ಬೇಯಿಸಿದೆ. ಅದೇ ನಾತ ಬಂತು. ಸ್ವಲ್ಪ ಹೊತ್ತಿನಲ್ಲಿ ಹೋಯಿತು. ಕಿತ್ತಳೆ ಸಿಪ್ಪೆ ಹಾಕಿದ ಟಿನ್ನನ್ನು ನಿನ್ನೆ, ವಾರ ತುಂಬಿದ ಮೇಲೆ ತೆರೆದೆ. ಲವಂಗ, ದಾಲ್ಚಿನ್ನಿಯ ಪರಿಮಳ ಮಾತ್ರ ಇತ್ತು. ಒಂದನ್ನು ಬಾಯಿಗಿಟ್ಟೆ. ಅವರು ಹೇಳಿದಂತೆಯೇ ಮೆತ್ತಗಿತ್ತು. ನನ್ನ ಬಗ್ಗೆಯೇ ಹುಟ್ಟಿದ ಹೇಸಿಗೆಯಿಂದ ಅದನ್ನು ನುಂಗಲಾಗಲಿಲ್ಲ.