ಕಾಣಲಿಲ್ಲ ಎಂದು ಬರೆದವರು

ಹೊಸಪೇಟೆಯ ಕನ್ನಡಕದ ಅಂಗಡಿಯಲ್ಲಿ ನನ್ನ ಕನ್ನಡಕಕ್ಕೆ ಏನನ್ನೋ ಸಿಂಪಡಿಸಿ ಒರೆಸಿಕೊಟ್ಟರು. ಆ ಸ್ಪಿರಿಟ್ ವಾಸನೆಗೆ ಸಂಡೂರಿನ ನಮ್ಮ ಕಾಲೇಜಿನ ತಾರಸಿ ನೆನಪಾಯಿತು. ಭೌತಶಾಸ್ತ್ರದ ಮೇಡಂ ತಮ್ಮ ದೂರದರ್ಶಕದ ಮೇಲೆ ಕೂತ ಅದಿರಿನ ಕೆಂಪು ದೂಳನ್ನು ಇಂಥದೇ ವಾಸನೆಯ ದ್ರವದಿಂದ ಒರೆಸುತ್ತಿದ್ದರು...

ನಾನು ಅಲ್ಲಿ ಕನ್ನಡ ಮೇಷ್ಟರು. ಅವರ ಹುಡುಕಾಟ ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು. ಆಕಾಶದಲ್ಲಿ ಎಲ್ಲೋ ಇದ್ದಕ್ಕಿದ್ದಂತೆ ಎಕ್ಸ್-ರೇ ಚಿಮ್ಮಿ, ನಿಮಿಷಗಳಲ್ಲೇ ಆರಿಹೋಗುತ್ತದೆ. ಉಪಗ್ರಹವೊಂದು ಅದನ್ನು ಹಿಡಿದು ಜಾಗ ತಿಳಿಸುತ್ತದೆ. ಆ ಜಾಗದಲ್ಲಿ ಮಾಮೂಲಿ ಬೆಳಕೂ ಇದೆಯೇ ಎಂದು ಫೋಟೊ ತೆಗೆದು ಹುಡುಕಬೇಕು. ಸಿಕ್ಕರೆ, ಸಿಡಿದದ್ದು ಏನು, ಎಷ್ಟು ದೂರದಲ್ಲಿ ಎಂದು ತಿಳಿಯುವ ದಾರಿ ತೆರೆಯುತ್ತದೆ.

"ದೊಡ್ಡ ದೊಡ್ಡ ದೂರದರ್ಶಕ ಇರುವಾಗ ನಿಮ್ಮ ಈ ಡಬ್ಬಿ ಯಾಕ್ರೀ?" ಎಂದು ಪ್ರಾಂಶುಪಾಲರು ನಕ್ಕಿದ್ದರು.

"ಅಲ್ಲಿ ಹಗಲಿದ್ರ, ಮೋಡ ಇದ್ರ ಅವೇನ್ ಮಾಡ್ತಾವ್ರಿ ಸರ್? ಆಗ ಕತ್ತಲ ಇರೋದು ನಮ್ಮ ಸಂಡೂರಾಗ," ಎಂದಿದ್ದರು ಮೇಡಂ.

ಒಮ್ಮೆ ಅವರ ಫೋಟೊದಲ್ಲಿ, ಹಳೆಯ ಫೋಟೊಗಳಲ್ಲಿ ಇಲ್ಲದ ಚುಕ್ಕಿಯೊಂದು ಕಂಡಿತು. ನಕ್ಕಿದ್ದ ಪ್ರಾಂಶುಪಾಲರೇ ಎರಡು ದಿನದಲ್ಲಿ ಸನ್ಮಾನ ಏರ್ಪಡಿಸಿ ಪತ್ರಕರ್ತರನ್ನು ಕರೆದರು. ಅಷ್ಟರಲ್ಲಿ ಮೇಡಂ ಇನ್ನೊಂದು ಫೋಟೊ ತೆಗೆದಿದ್ದರು. ಚುಕ್ಕಿ ಜಾಗ ಬದಲಿಸಿತ್ತು. ಅದು ಬರೀ ಹಾದುಹೋಗುವ ಕ್ಷುದ್ರಗ್ರಹ.

"ಈಗ ಸುಮ್ನಿರ್ರಿ, ಆಮ್ಯಾಲ ನೋಡೋಣು," ಎಂದು, ಮೇಡಂ ಅದನ್ನು ತಿಳಿಸಿದಾಗ, ಪ್ರಾಂಶುಪಾಲರು ವೇದಿಕೆಯಲ್ಲೇ ಪಿಸುಗುಟ್ಟಿದರು.

ಮೇಡಂ ಮೈಕು ಹಿಡಿದರು. "ನನಗ ಸಿಕ್ಕಿಲ್ರಿ. ಸಿಗದಿದ್ದನ್ನ ಸಿಕ್ಕೈತಿ ಅಂತ ಹೇಳಾಕ ನಾನು ಹುಡುಕಾಕ ಹತ್ತಿಲ್ಲ." ಶಾಲು ಹೊದೆಸಿಕೊಳ್ಳದೆ ಇಳಿದು ಬಂದು ನನ್ನ ಪಕ್ಕ ಕೂತರು.

ಮರುವಾರ ತಾರಸಿಗೆ ಬೀಗ ಬಿತ್ತು. ಮೇಡಂ ಒಂದು ಮಾತೂ ಬೇಡಿಕೊಳ್ಳಲಿಲ್ಲ. ದೂರದರ್ಶಕವನ್ನು ಚೋರನೂರಿನ ತಮ್ಮ ಅಣ್ಣನ ಹೊಲಕ್ಕೆ ಸಾಗಿಸಿದರು; ಎತ್ತಿಳಿಸಲು ನಾನೂ ಹೋಗಿದ್ದೆ. "ಇಲ್ಲಿ ಗಣಿ ದೀಪ ಇಲ್ಲ. ಭಾಳ ಉಪಕಾರ ಮಾಡ್ಯಾರ ನೋಡ್ರಿ," ಎಂದು ನಕ್ಕರು.

ಅಲ್ಲಿಂದ ಅವರು ಬೇರೆ ಬೇರೆ ದೇಶಗಳ ಖಗೋಳ ವಿಜ್ಞಾನಿಗಳಿಗೆ ಕಳಿಸಿದ ವರದಿಗಳಲ್ಲೆಲ್ಲ ಒಂದೇ ಮಾತು: ಇಷ್ಟು ಮಂದ ಬೆಳಕಿನವರೆಗೂ ನೋಡಿದೆ, ಕಾಣಲಿಲ್ಲ. ಒಂದು ಸಲ, ಅವರು ನೋಡಿದ ಮರುದಿನ ಅದೇ ಜಾಗದಲ್ಲಿ ದೂರದೇಶದ ದೊಡ್ಡ ದೂರದರ್ಶಕಕ್ಕೆ, ಮೇಡಂ ಡಬ್ಬಿಗೂ ಕಾಣಬಹುದಾದಷ್ಟು ಹೊಳಪಿನ ಬೆಳಕು ಸಿಕ್ಕಿತು. ಅದು ತಡವಾಗಿ ಹೊಳಪೇರಿದ ಬೆಳಕು ಎಂದು ತಿಳಿದದ್ದು ಹಿಂದಿನ ದಿನ ಚೋರನೂರಿನಿಂದ ಹೋದ 'ಕಾಣಲಿಲ್ಲ'ದಿಂದ. ಆವತ್ತು ಮೇಡಂ ಫೋನ್ ಮಾಡಿ ಆ ವರದಿಯ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದರು...

ಕಳೆದ ವರ್ಷ ಅವರು ತೀರಿಕೊಂಡರು. ದೂರದರ್ಶಕವನ್ನು ಗಾಜಿನ ಕಪಾಟಿನಲ್ಲಿ ಇಡುತ್ತೇವೆ, ಕೊಡಿ ಎಂದು ಕಾಲೇಜಿನಿಂದ ಪತ್ರ ಬಂತು. ಅವರ ಅಣ್ಣ ನನ್ನಿಂದ ಓದಿಸಿಕೊಂಡು, "ಪೂಜಿ ಮಾಡಾಕ ಕೊಡಂಗಿಲ್ಲ ಅಂತ ಬರೀರಿ," ಎಂದರು. ಹಾಗೆಯೇ ಬರೆದೆ. ಕಂಪ್ಲಿಯ ಯುವ ಉಪನ್ಯಾಸಕಿಯೊಬ್ಬರು ಆಕಾಶ ನೋಡಲೆಂದು ದೂರದರ್ಶಕವನ್ನು ಒಯ್ದರು.

ಮೇಡಂ ಇಲ್ಲ. ಆ ಖಾಲಿ ಜಾಗವನ್ನು ಯಾವುದೂ ತುಂಬುವುದಿಲ್ಲ, ತುಂಬಿತೆಂದು ನಾನು ಹೇಳುವುದೂ ಇಲ್ಲ. ನಾಳೆ ಸಂಜೆ ಕಂಪ್ಲಿ ಬಸ್ಸು ಹತ್ತುತ್ತೇನೆ. ದೂರದರ್ಶಕವನ್ನು ಎತ್ತಿ ಕೂಡಿಸಲು ಆ ಉಪನ್ಯಾಸಕಿಗೆ ಇನ್ನೊಬ್ಬರ ಕೈ ಬೇಕಂತೆ.