ನಡುವೆ ಒಡೆದ ಕಪ್ಪು ಪದರ

2006ರಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ಕೋಟಿಂಗ್ ಘಟಕದಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿದ್ದೆ. ಡೀಸೆಲ್ ಪಂಪಿನ ಉಕ್ಕಿನ ಪಿನ್ನುಗಳು ಬೇಗ ಸವೆಯದಂತೆ ಅವುಗಳ ಮೇಲೆ ಟಂಗ್‌ಸ್ಟನ್ ಬೆರೆತ ಹೈಡ್ರೋಕಾರ್ಬನ್ನಿನ ಕಪ್ಪು ಪದರ ಕೂರಿಸುತ್ತಿದ್ದೆವು. ದಪ್ಪ ಎರಡು ಮೈಕ್ರಾನ್, ತಲೆಗೂದಲಿನ ಮುಂದೆ ಏನೂ ಅಲ್ಲ.

ಆ ಶ್ರಾವಣದಲ್ಲಿ ಒಂದು ಬ್ಯಾಚ್ ಪೂರ್ತಿ ಚಕ್ಕೆಯೆದ್ದು ವಾಪಸ್ ಬಂತು. ಪಿನ್ನು ಸರಿಯಾಗಿ ತೊಳೆದಿಲ್ಲ, ಎಣ್ಣೆ ಉಳಿದಿದೆ ಎಂದು ಮ್ಯಾನೇಜರ್ ತೀರ್ಮಾನಿಸಿದರು. ತೊಳೆಯುವ ವಿಭಾಗ ಶಕುಂತಲಾ ಅವರದು. ಗದಗದ ಕಡೆಯವರು, ಲಗ್ಗೆರೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ನಾನು ಹೊಸಬನಾಗಿದ್ದಾಗ ಪಿನ್ನನ್ನು ಬೆಳಕಿಗೆ ಹಿಡಿದು ನೋಡುವುದನ್ನು ಕಲಿಸಿದವರು ಅವರೇ. ಊಟದ ಹೊತ್ತಿಗೆ ಕೇಳದೆಯೇ ನನ್ನ ಡಬ್ಬಿಗೆ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಹಾಕುತ್ತಿದ್ದರು.

ಅವರು ಒಂದು ಪಿನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ಸರ, ಎಣ್ಣಿ ಉಳದಿದ್ರ ಚಕ್ಕಿ ಬುಡದಿಂದ ಏಳತಿತ್ತು, ಉಕ್ಕು ಹೊಳೀತಿತ್ತು. ಇದು ನಡುವ ಒಡದೈತಿ. ಕೆಳಗಿನ ಕರಿ ಹಂಗ ಐತಿ, ನೋಡ್ರಿ.”

ಲೆನ್ಸಿನಲ್ಲಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಆದರೂ ಮ್ಯಾನೇಜರ್ ಎದುರು ನಾನು ಆಡಿದ್ದು ಒಂದೇ ಮಾತು: “ಲ್ಯಾಬ್ ರಿಪೋರ್ಟ್ ಬರ್ಲಿ ಸಾರ್, ನೋಡೋಣ.” ರಿಪೋರ್ಟಿಗೆ ಕಾಯದೆ ಮ್ಯಾನೇಜರ್, ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದು ಶಕುಂತಲಾ ಅವರಿಗೆ ಹೇಳಿದರು. ಅವರು ನನ್ನ ಕಡೆ ಒಮ್ಮೆ ನೋಡಿ, ಏಪ್ರನ್ ಮಡಚಿಟ್ಟು ಹೊರಟರು.

ಮೂರು ವಾರದ ಮೇಲೆ ಲ್ಯಾಬಿನಿಂದ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳು ಬಂದವು. ಒಳ್ಳೆಯ ಪದರದಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಪರಮಾಣುಗಳು ಕ್ರಮವಿಲ್ಲದ ಬಲೆಯಂತೆ ಹೆಣೆದುಕೊಂಡಿರುತ್ತವೆ. ಕೆಲವೇ ನ್ಯಾನೋಮೀಟರ್ ಗಾತ್ರದ ಟಂಗ್‌ಸ್ಟನ್ ಕಾರ್ಬೈಡ್ ಕಣಗಳು ಅದರೊಳಗೆ ಸಮನಾಗಿ ಹರಡಿರುತ್ತವೆ. ನಮ್ಮ ಪದರದ ನಟ್ಟನಡುವೆ ಆ ಕಣಗಳೇ ಇಲ್ಲದ ಒಂದು ಪಟ್ಟಿ ಇತ್ತು. ಪದರಕ್ಕೆ ಕಾರ್ಬನ್ ಒದಗಿಸುವ ಅಸಿಟಿಲೀನ್ ಅನಿಲದ ಕಂಟ್ರೋಲರ್ ಕೆಟ್ಟು, ಕೋಟಿಂಗ್ ನಡೆಯುವಾಗಲೇ ಅನಿಲ ಹೆಚ್ಚಾಗಿ ಹರಿದು ಟಂಗ್‌ಸ್ಟನ್ ಪಾಲು ಕುಸಿದಿತ್ತು. ಪದರ ಅಲ್ಲೇ ಒಡೆದಿತ್ತು.

ಶಕುಂತಲಾ ಅವರನ್ನು ವಾಪಸ್ ಕರೆಸಲು ಮ್ಯಾನೇಜರ್ ಒಪ್ಪಿದರು. ಅಂದೇ ಸಂಜೆ ಲಗ್ಗೆರೆಗೆ ಹೋದೆ. ಮನೆಗೆ ಬೀಗ. ಪಕ್ಕದ ಮನೆಯಾಕೆ ಹೇಳಿದರು: “ಹೋದ ವಾರಾನೇ ಖಾಲಿ ಮಾಡಿದ್ರು ಸಾರ್. ಎಲ್ಲಿಗೆ ಅಂತ ಹೇಳ್ಲಿಲ್ಲ.”

ಗದಗದಿಂದ ಬಂದ ಕೆಲಸಗಾರರನ್ನೆಲ್ಲ ವರ್ಷಗಟ್ಟಲೆ ವಿಚಾರಿಸಿದೆ, ಸುಳಿವು ಸಿಗಲಿಲ್ಲ. ನಿವೃತ್ತನಾಗಿ ವಿಜಯನಗರದಲ್ಲಿ ನೆಲೆಸಿದ್ದೇನೆ. ಮಾರ್ಕೆಟ್ಟಿನಲ್ಲಿ ಗದಗದ ಮಾತು ಕಿವಿಗೆ ಬಿದ್ದರೆ ಈಗಲೂ ತಿರುಗಿ ನೋಡುತ್ತೇನೆ. ಪರಮಾಣುಗಳ ಸಾಕ್ಷ್ಯಕ್ಕೆ ಕಾಯುವುದನ್ನು ವೃತ್ತಿ ನನಗೆ ಮೊದಲೇ ಕಲಿಸಿತ್ತು. ಕಣ್ಣಾರೆ ಕಂಡದ್ದನ್ನು ಆ ಕ್ಷಣವೇ ಹೇಳಬೇಕೆಂದು ಕಲಿಯುವಷ್ಟರಲ್ಲಿ, ಕೇಳಬೇಕಾದವರು ಅಲ್ಲಿರಲಿಲ್ಲ.