ಒದ್ದೆ ಮರಳಿನ ಪರೀಕ್ಷೆ

ನನ್ನ ಹೆಂಡತಿಯ ಎಡಗಿವಿಯ ಓಲೆ ಬಿದ್ದುಹೋದದ್ದು ಕುವೈತಿನ ಅಬು ಹಲೀಫಾದ ಕಡಲತೀರದಲ್ಲಿ. ಆಗ ಅವಳ ಕಾಯಿಲೆ ಬಹಳ ಮುಂದುವರಿದಿತ್ತು. ಓಲೆಯ ತಿರುಪು ಬಿಗಿ ಮಾಡುವಷ್ಟು ಶಕ್ತಿಯೂ ಬೆರಳುಗಳಲ್ಲಿ ಉಳಿದಿರಲಿಲ್ಲ. ಬಿಗಿ ಮಾಡಿಕೊಡಿ ಎಂದು ನನ್ನನ್ನು ಕೇಳುವ ಅಭ್ಯಾಸವೂ ಅವಳಿಗಿರಲಿಲ್ಲ. ನೀರಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಮನೆಗೆ ಬಂದೆವು. ಲಿಫ್ಟಿನ ಕನ್ನಡಿಯಲ್ಲಿ ನೋಡಿದರೆ ಒಂದು ಕಿವಿ ಬೋಳಾಗಿತ್ತು. ನಾನು ಮತ್ತೆ ತೀರಕ್ಕೆ ಹೋಗಿ ಕೈಯಿಂದ ಮರಳು ಕೆದಕಿದೆ, ಸಿಗಲಿಲ್ಲ. ಅವಳು ಉಳಿದದ್ದನ್ನು ಬಿಚ್ಚಿ ಮಾತ್ರೆಯ ಡಬ್ಬಿಯಲ್ಲಿಟ್ಟು, "ಅದು ಸಿಕ್ಕಿದ್ರೆ ಜೋಡಿಯಾಗಿ ಮಗಳಿಗೆ ಕೊಡಿ. ಒಂಟಿ ಓಲೆ ಎಂತಕ್ಕೆ?" ಎಂದಳು.

ಅವಳು ತೀರಿಕೊಂಡ ಮೇಲೆ, ಪೆಟ್ಟಿಗೆ ವಿಮಾನದಲ್ಲಿ ಊರಿಗೆ ಹೋಗಿ ಎಲ್ಲ ಮುಗಿದ ಮೇಲೆ, ನಾನೂ ಮಗಳೂ ಕುವೈತಿಗೆ ವಾಪಸಾದೆವು. ಹೆಂಡತಿಗಾಗಿ ನಾನು ಇನ್ನು ಮಾಡಬಹುದಾದ ಕೆಲಸ ಆ ಓಲೆ ಹುಡುಕುವುದೊಂದೇ ಇತ್ತು.

ಶುಕ್ರವಾರ ಬೆಳಿಗ್ಗೆ ಆ ತೀರಕ್ಕೆ ಮೆಟಲ್ ಡಿಟೆಕ್ಟರ್ ಹಿಡಿದುಕೊಂಡು ನಮ್ಮ ಕರಾವಳಿಯವರು ಕೆಲವರು ಬರುತ್ತಾರೆ. ಅವರಿಗೆ ಅದೊಂದು ಹವ್ಯಾಸ. ಹುಡುಕುವುದಕ್ಕಿಂತ ಯಾರ ಮೆಷಿನ್ ನಂಬಬಹುದು, ಯಾರದ್ದು ಬರೀ ಹೆಸರು ಎಂದು ವಾದ ಮಾಡುವುದೇ ಹೆಚ್ಚು. ಮುಖ್ಯವಾದವರು ಇಬ್ಬರು. ಹಳದಿ ಮೆಷಿನ್ ಇಟ್ಟುಕೊಂಡವರಿಗೆ ಗಾಡಿಯ ಬಿಡಿಭಾಗಗಳ ಅಂಗಡಿ, ಎಲ್ಲರೂ ಅವರನ್ನು ಸಾಹೇಬ್ರು ಎನ್ನುತ್ತಿದ್ದರು. ಕಪ್ಪು ಮೆಷಿನ್‌ನವರು ಒಂದು ಕಂಪನಿಯಲ್ಲಿ ಅಕೌಂಟೆಂಟ್, ಅವರನ್ನು ಸರ್ ಎನ್ನುತ್ತಿದ್ದರು.

"ನಿಮ್ಮದು ಮೆಷಿನ್ ಅಲ್ಲ ಸಾಹೇಬ್ರೆ, ರೇಡಿಯೋ. ಒದ್ದೆ ಮರಳು ಕಂಡ ಕೂಡ್ಲೆ ಹಾಡ್ಲಿಕ್ಕೆ ಶುರು."

"ನಿಮ್ಮದು ಬಾಯಿಯೇ ಬಿಡುದಿಲ್ಲ ಅಲ್ವಾ ಸರ್? ಹೆಸರು ದೊಡ್ಡದು. ಯಾವಾಗ ನೋಡಿದ್ರೂ ರಿಪೇರಿಗೆ ದುಬೈಯಲ್ಲಿ. ಅದು ಪೇಶೆಂಟ್ ಮಾರಾಯ್ರೆ, ಹೆಚ್ಚು ದಿವಸ ಇಲ್ಲ."

ಎಲ್ಲರೂ ನಕ್ಕರು. ನಾನು ನಗು ನಿಲ್ಲುವವರೆಗೆ ಕಾದು ನನ್ನ ವಿಷಯ ಹೇಳಿದೆ.

ಅವರು ಹುಡುಕಲಿಲ್ಲ ಎಂದು ಹೇಳಲಾರೆ. ಆ ಶುಕ್ರವಾರ ಇಬ್ಬರೂ ನಾನು ತೋರಿಸಿದ ಜಾಗದಲ್ಲೆಲ್ಲ ಮೆಷಿನ್ ಆಡಿಸಿದರು. ಬಾಟಲಿ ಮುಚ್ಚಳ, ಪೆಪ್ಸಿ ಡಬ್ಬದ ಕೊಂಡಿ, ಸಿಗರೇಟಿನ ಬೆಳ್ಳಿ ಕಾಗದ ಬಂದವು. ಸಣ್ಣ ಚಿನ್ನಕ್ಕೂ ಆ ಕಾಗದಕ್ಕೂ ಮೆಷಿನ್ ತನ್ನ ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ ನಂಬರ್ ತೋರಿಸುತ್ತದಂತೆ. "ಜೋಡಿಯ ಇನ್ನೊಂದು ತನ್ನಿ. ಅದರ ನಂಬರ್ ಗೊತ್ತಾದ್ರೆ ಇದನ್ನು ಹಿಡಿಬಹುದು," ಎಂದರು ಸರ್. ಮಾತು ಸರಿಯೆನಿಸಿತು. ಮುಂದಿನ ವಾರ ಮಾತ್ರೆಯ ಡಬ್ಬಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋದೆ.

ಸರ್ ಓಲೆ ತೆಗೆದು ಮೆಷಿನ್‌ಗಳ ಮುಂದೆ ಹಿಡಿದಾಗ ಎರಡು ಮೆಷಿನ್‌ಗಳೂ ಚೆನ್ನಾಗಿ ಕೂಗಿದವು, ನಂಬರೂ ಸಿಕ್ಕಿತು. ನನ್ನ ಕೆಲಸ ಅಷ್ಟೇ ಇದ್ದದ್ದು. ಓಲೆ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ.

"ನಿಲ್ಲಿ ಮಾರಾಯ್ರೆ," ಎಂದರು ಸಾಹೇಬ್ರು. "ಗಾಳಿಯಲ್ಲಿ ಆಟದ ಸಾಮಾನೂ ಕೂಗ್ತದೆ. ಒದ್ದೆ ಮರಳಲ್ಲಿ ಹುಗಿದು ನೋಡುವ. ಇವತ್ತು ಖಲಾಸ್, ತೀರ್ಮಾನ ಆಗ್ಲಿ."

ಪರೀಕ್ಷೆಗೆ ಏನಾದರೂ ಹುಗಿಯುವಾಗ ಅದಕ್ಕೊಂದು ನೂಲು ಕಟ್ಟಿ ತುದಿಯನ್ನು ಮೇಲೆ ಬಿಡುವುದು ಅವರ ಪದ್ಧತಿ. ಎಳೆದರೆ ವಸ್ತು ಕೈಗೆ ಬರುತ್ತದೆ. ಓಲೆಗೂ ಕಟ್ಟಿದರು. ಸರ್ ಒಪ್ಪಲಿಲ್ಲ. ನೂಲು ಕಂಡರೆ ಸಾಹೇಬ್ರ ಮೆಷಿನ್ ಅಲ್ಲ, ಸಾಹೇಬ್ರ ಕಣ್ಣು ಹುಡುಕುತ್ತದೆ ಎಂದರು. ನೂಲು ಬಿಚ್ಚಿದರು. ಚಹಾ ಕುಡಿಯಲು ಬಂದಿದ್ದ ಒಬ್ಬ ಶಾಲಾ ಬಸ್ಸಿನ ಡ್ರೈವರಣ್ಣನಿಗೆ ಹುಗಿಯುವ ಕೆಲಸ ಬಂತು. ಅವನಿಗೆ ಮೆಷಿನ್ ಇರಲಿಲ್ಲ, ಹಾಗಾಗಿ ಪಕ್ಷವೂ ಇಲ್ಲ ಎಂದು ಲೆಕ್ಕ.

"ಬೇಡ, ನನಗೆ ವಾಪಸ್ ಕೊಡಿ," ಎಂದೆ.

"ಎರಡು ಮಿನಿಟಿನ ಕೆಲಸ. ನೀವೂ ಆ ಕಡೆ ತಿರುಗಿ. ನಿಮ್ಮ ಮುಖ ನೋಡಿದ್ರೆ ಜಾಗ ಗೊತ್ತಾಗ್ತದೆ," ಎಂದರು ಸರ್.

ನಾವೆಲ್ಲ ರಸ್ತೆಯ ಕಡೆ ಮುಖ ಮಾಡಿ ನಿಂತೆವು. ಡ್ರೈವರಣ್ಣ ಹುಗಿದು, ಮರಳು ಸಮ ಮಾಡಿ, ಗುರುತಿಗೆ ತನ್ನ ಒಂದು ಚಪ್ಪಲಿಯನ್ನು ಅಲ್ಲಿಂದ ಸ್ವಲ್ಪ ದೂರದಲ್ಲಿ ಬಿಟ್ಟ. ಅದು ಅವನಿಗೆ ಮಾತ್ರ ತಿಳಿಯುವ ಗುರುತು. ಆಮೇಲೆ ಯಾರು ಮೊದಲು ಹೋಗಬೇಕೆಂದು ಜಗಳ ಶುರುವಾಯಿತು. ಮೊದಲು ಹೋದವನ ಹೆಜ್ಜೆ ನೋಡಿ ಎರಡನೆಯವನಿಗೆ ಸುಳಿವು ಸಿಗುತ್ತದೆ ಎಂದು ಒಬ್ಬರು, ನಾಣ್ಯ ಹಾರಿಸುವ ಎಂದು ಇನ್ನೊಬ್ಬರು. ಅಷ್ಟರಲ್ಲಿ ಭರತದ ನೀರು ಏರುತ್ತಿತ್ತು. ಒಂದು ತೆರೆ ಚಪ್ಪಲಿಯನ್ನು ಎತ್ತಿತು. ಡ್ರೈವರಣ್ಣ "ಅಯ್ಯೋ" ಎಂದು ಓಡಿಹೋಗಿ, ಚಪ್ಪಲಿಯನ್ನು ಹಿಡಿದು, ಒದರಿ, ಕಾಲಿಗೆ ಹಾಕಿಕೊಂಡು ಬಂದ.

ಏನಾಯಿತೆಂದು ಮೊದಲು ಅರ್ಥವಾದದ್ದು ನನಗೆ.

"ಇಲ್ಲೇ ಎಲ್ಲೋ," ಎಂದ ಅವನು. ಆಮೇಲೆ, "ಅಲ್ಲ, ಅಲ್ಲಿ," ಎಂದ. ಹಳದಿ ಮೆಷಿನ್ ಎಲ್ಲ ಕಡೆಯೂ ಕೂಗಿತು, ಕಪ್ಪು ಮೆಷಿನ್ ಎಲ್ಲಿಯೂ ಕೂಗಲಿಲ್ಲ. ನಾನು ಮಂಡಿಯೂರಿ ಎರಡೂ ಕೈಗಳಿಂದ ತೋಡಿದೆ. ತೋಡಿದ ಗುಂಡಿಯನ್ನು ನೀರು ಮುಚ್ಚುತ್ತಿತ್ತು. "ನೀವು ಬದಿಗೆ ಬನ್ನಿ, ಕೈಯ ವಾಚಿಗೆ ಸಿಗ್ನಲ್ ಬರ್ತಾ ಉಂಟು," ಎಂದು ಸರ್ ರೇಗಿದರು. ವಾಚು ಬಿಚ್ಚಿ ಕಿಸೆಗೆ ಹಾಕಿ ಮತ್ತೆ ತೋಡಿದೆ.

ನೀರು ಮೊಣಕಾಲಿಗೆ ಬಂದಾಗ ಸಾಹೇಬ್ರು ಹೆಡ್‌ಫೋನ್ ತೆಗೆದರು. ಅವರ ಮುಖದಲ್ಲಿ ಬೇಸರ ಇತ್ತು, ನಿಜ. ಆದರೆ ಸರ್ ಕೂಡ ಬರಿಗೈಯಲ್ಲಿ ದಡಕ್ಕೆ ಬಂದದ್ದನ್ನು ನೋಡಿ ಅದು ಹೋಯಿತು.

"ನಿಮ್ಮದಕ್ಕೂ ಸಿಗ್ಲಿಲ್ಲ ಅಲ್ವಾ?"

"ಡ್ರಾ ಅಂತ ಹೇಳುವ," ಎಂದರು ಸರ್.

ಇಬ್ಬರೂ ಕೈ ಕುಲುಕಿದರು. ನನಗೆ ಸಮಾಧಾನ ಹೇಳಿದರು, "ಮರಳು ಎಲ್ಲಿಗೆ ಹೋಗ್ತದೆ? ನೀರು ಇಳಿದ ಮೇಲೆ ನೋಡುವ."

ಮನೆಯಲ್ಲಿ ಮಗಳು ಬಾಗಿಲಲ್ಲೇ ಕೇಳಿದಳು, "ಪಪ್ಪಾ, ಸಿಕ್ತಾ?" ಆದದ್ದನ್ನೆಲ್ಲ ಹೇಳಿದೆ. "ಯೂ ಗೇವ್ ಇಟ್ ಟು ದೆಮ್? ಅಮ್ಮಂದು?" ಎಂದಳು. ಅವಳ ಕೋಣೆಯ ಬಾಗಿಲು ಮುಚ್ಚಿತು. ನನ್ನ ಅನ್ನ ಮಾತ್ರ ಬಡಿಸಿಕೊಂಡು ಕೂತೆ.

ಮುಂದಿನ ಶುಕ್ರವಾರ ನೀರು ಇಳಿದ ಹೊತ್ತಿಗೆ ಮತ್ತೆ ಹೋದೆ. ಸರ್ ಹೊಸದೊಂದು ಮೆಷಿನ್ ತಂದಿದ್ದರು, ಎಲ್ಲರೂ ಅದರ ಸುತ್ತ ಇದ್ದರು. ನನ್ನನ್ನು ಕಂಡು ಸರ್ ಕೈ ಬೀಸಿದರು.

"ಸರಿಯಾದ ಟೈಮಿಗೆ ಬಂದ್ರಿ. ಇದರಲ್ಲಿ ಚಿನ್ನದ ನಂಬರ್ ನೋಡ್ಬೇಕಿತ್ತು. ಮನೆಯಲ್ಲಿ ನಿಮ್ಮ ಮಿಸೆಸ್‌ದು ಬೇರೆ ಎಂತಾದ್ರೂ ಸಣ್ಣದು ಉಂಟಾ?"

ಅವರ ಬೆರಳಿನಲ್ಲಿ ಮದುವೆಯ ಉಂಗುರ ಇತ್ತು. "ಅದನ್ನೇ ಹುಗಿದು ನೋಡಿ ಸರ್," ಎಂದೆ.

ಅವರು ಉಂಗುರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, "ಅಯ್ಯೋ ದೇವರೇ, ಇದೇನಾದ್ರೂ ಹೋದ್ರೆ ಮನೆಯವಳು ನನ್ನನ್ನು ಜೀವಂತ ಬಿಡ್ತಾಳಾ?" ಎಂದರು.

ಎಲ್ಲರೂ ನಕ್ಕರು. ಹೆಂಡತಿಗೆ ಹೆದರುವ ಗಂಡಂದಿರ ಬಗ್ಗೆ ಒಬ್ಬೊಬ್ಬರೂ ಒಂದೊಂದು ಮಾತು ಸೇರಿಸಿದರು. ನಾನು ಅವರಿಂದ ಆಚೆ ಹೋಗಿ ಮರಳಿನಲ್ಲಿ ಕುಳಿತು, ಕೈಯಿಂದಲೇ ಕೆದಕಲು ಶುರು ಮಾಡಿದೆ. ಸಾಹೇಬ್ರು ಅಲ್ಲಿಂದಲೇ ಕೂಗಿದರು, "ಅಲ್ಲಿ ಅಲ್ಲ ಮಾರಾಯ್ರೆ, ಇನ್ನೂ ಈಚೆ!" ಸರ್ ಕೂಗಿದರು, "ಇಲ್ಲ ಇಲ್ಲ, ಆಚೆ!"